ಚಾಮುಂಡಿ ಹತ್ತುವಾಗ ಮುಂದೆ, ರೇಸ್‌ನಲ್ಲಿ ಹಿಂದೆ. ಯಾಕೆ ಹೀಗೆ?

ನಾಲೆ ಏರಿ · ಮಂಡ್ಯ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ಸೈಕಲ್ ರೇಸ್ ಮುಗಿಸಿ ಬಂದು ಬರೆಯುತ್ತಿದ್ದೇನೆ. ತಲೆ ಕೆಟ್ಟಿದೆ. ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

60 ಕಿ.ಮೀ. ಓಪನ್ ರೋಡ್ ರೇಸ್. ಹೆಚ್ಚುಕಮ್ಮಿ ಸಮತಟ್ಟು. ಉತ್ತರಕ್ಕೆ ಹೋಗಿ ಅದೇ ದಾರಿಯಲ್ಲಿ ವಾಪಸ್. ಶುರುವಿನಲ್ಲಿ ಆರಾಮಾಗಿದ್ದೆ, ಪಕ್ಕದವರ ಜೊತೆ ಮಾತಾಡಿಕೊಂಡೇ ಹೋಗುತ್ತಿದ್ದೆ. ಕಬ್ಬಿನ ಗದ್ದೆ, ತೆಂಗಿನ ತೋಟ ಮುಗಿದು ಬಯಲು ಬಂತು ನೋಡಿ, ಎಡಗಡೆಯಿಂದ ಗಾಳಿ ಶುರು. ಮುಂದೆ ಯಾರೋ ವೇಗ ಏರಿಸಿದರು. ಐದು ನಿಮಿಷದಲ್ಲಿ ಬಂಚ್, ಅಂದರೆ ಸವಾರರ ದೊಡ್ಡ ಗುಂಪು, ಮೂರು ತುಂಡು. ನಾನು ಮೂರನೆಯದರಲ್ಲಿ. ಅಲ್ಲಿಂದಾಚೆ ಮುಂದಿನವರು ಕಣ್ಣಿಗೆ ಕಾಣುತ್ತಾರೆ, ಕೈಗೆ ಸಿಗುವುದಿಲ್ಲ.

ನನಗೆ ಅರ್ಥವಾಗದ್ದು ಒಂದೇ. ಮೊದಲ ಗುಂಪಿನಲ್ಲಿ ಮುಗಿಸಿದವರಲ್ಲಿ ಇಬ್ಬರು ಚಾಮುಂಡಿ ಬೆಟ್ಟದಲ್ಲಿ ಯಾವತ್ತೂ ನನ್ನ ಹಿಂದೆ. ನಾನು 18 ನಿಮಿಷದ ಆಸುಪಾಸಿನಲ್ಲಿ ಮೇಲಿರುತ್ತೇನೆ, ಅವರು ಎರಡು ನಿಮಿಷ ಬಿಟ್ಟು ಬರುತ್ತಾರೆ. ಅವರಿಗೆ ಇವತ್ತು ಎಲ್ಲಿಂದ ಬಂತು ಶಕ್ತಿ?

ತೂಕ 65 ಕೆ.ಜಿ. ಎಷ್ಟು ವ್ಯಾಟ್ ತುಳಿಯುತ್ತೇನೆ ಅಂತ ಅಳೆಯುವ ಪವರ್ ಮೀಟರ್ ಇಲ್ಲ, ಹಾರ್ಟ್‌ರೇಟ್ ಪಟ್ಟಿ ಇದೆ. ಕೆಲಸಕ್ಕೆ ಹೋಗಬೇಕು, ಹಾಗಾಗಿ ಬೆಳಿಗ್ಗೆ ಐದೂವರೆಯಿಂದ ಏಳು, ಭಾನುವಾರ ಮಾತ್ರ ಉದ್ದ ಸವಾರಿ. ಮುಂದಿನ ರೇಸ್ ದಸರಾ ಆದ ಮೇಲೆ. ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ಹಗುರ ತುಳಿಯುವ ಅಭ್ಯಾಸ) ಜಾಸ್ತಿ ಮಾಡಬೇಕಾ? ಹಗುರ ವೀಲ್‌ಸೆಟ್ ತಗೋಬೇಕಾ? ಗೊತ್ತಿರುವವರು ಹೇಳಿ.

ಗ್ರಾಂ ಲೆಕ್ಕ · ಮೈಸೂರು · ಭಾನುವಾರ ರಾತ್ರಿ

ವೀಲ್‌ಸೆಟ್ ಮೊದಲು ಬದಲಾಯಿಸಿ. ಸೈಕಲ್ ಜೊತೆ ಬರುವ ಗಾಲಿ ಕಬ್ಬಿಣದ ಗುಂಡು ಇದ್ದ ಹಾಗೆ. 300 ಗ್ರಾಂ ಕಮ್ಮಿಯಾದರೂ ಕಾಲಿಗೆ ಗೊತ್ತಾಗುತ್ತೆ. ನಾನು ಬದಲಾಯಿಸಿದ ಮೇಲೆ ಬೆಟ್ಟದ ಟೈಮ್ ಇಳಿದಿದೆ.

ಹಳೆ ಸ್ಪೋಕು · ಮೈಸೂರು · ಸೋಮವಾರ ಬೆಳಿಗ್ಗೆ

ದುಡ್ಡು ಜೇಬಲ್ಲೇ ಇರಲಿ. ಲೆಕ್ಕ ಮಾಡಿ ನೋಡೋಣ.

ಬೆಟ್ಟದ ಏರಿಕೆ 300 ಮೀಟರ್ ಅಂತ ಇಟ್ಟುಕೊಳ್ಳಿ. ನೀವು, ಸೈಕಲ್, ಬಾಟಲ್ ಎಲ್ಲ ಸೇರಿ 75 ಕೆ.ಜಿ. ಅಷ್ಟು ಭಾರವನ್ನು 18 ನಿಮಿಷದಲ್ಲಿ ಮೇಲೆತ್ತಲು ಸುಮಾರು 200 ವ್ಯಾಟ್ ಬೇಕು. ವೇಗ ಗಂಟೆಗೆ 15 ಕಿ.ಮೀ. ಇದ್ದರೆ ಗಾಳಿ ತಿನ್ನುವುದು ಹದಿನೈದು ವ್ಯಾಟ್ ಅಷ್ಟೇ. ಅಂದರೆ ಬೆಟ್ಟದಲ್ಲಿ ಜಗಳ ಭೂಮಿ ಜೊತೆ. ಅಲ್ಲಿ 65 ಕೆ.ಜಿ. ಮೈ ವರ. ಗಾಲಿಯಲ್ಲಿ 300 ಗ್ರಾಂ ಉಳಿಸಿದರೆ ಸಿಗುವುದು ಮೂರೋ ನಾಲ್ಕೋ ಸೆಕೆಂಡ್. ಗ್ರಾಂ ಲೆಕ್ಕದವರು ಬೇಜಾರಾಗಬಾರದು, ಟೈಮ್ ಇಳಿದಿದ್ದು ಅವರು ಚೆನ್ನಾಗಿ ತುಳಿದಿದ್ದಕ್ಕೆ.

ಈಗ ಸಮತಟ್ಟು ರಸ್ತೆ, ಗಂಟೆಗೆ 40. ಒಬ್ಬರೇ ಇದ್ದರೆ ಹತ್ತರಲ್ಲಿ ಎಂಟು ಪಾಲಿಗೂ ಜಾಸ್ತಿ ಶಕ್ತಿ ಗಾಳಿ ತಳ್ಳುವುದಕ್ಕೇ ಹೋಗುತ್ತೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತೆ, ಅದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು. 30ರಿಂದ 40ಕ್ಕೆ ಹೋದರೆ ವೇಗ ಏರುವುದು ಮೂರನೇ ಒಂದು ಭಾಗ, ಗಾಳಿಗೆ ಕೊಡುವ ವ್ಯಾಟ್ ಎರಡೂಕಾಲು ಪಟ್ಟು ದಾಟುತ್ತೆ. ಅಲ್ಲಿ ನಿಮ್ಮ 65 ಕೆ.ಜಿ.ಗೆ ಯಾವ ರಿಯಾಯಿತಿಯೂ ಇಲ್ಲ. 78 ಕೆ.ಜಿ. ಇರುವ ಮನುಷ್ಯನ ಮೇಲೂ ಗಾಳಿ ಹೆಚ್ಚುಕಮ್ಮಿ ಅಷ್ಟೇ ಬೀಳುತ್ತೆ, ಅವನ ತೊಡೆಯಲ್ಲಿ ಮಾತ್ರ ವ್ಯಾಟ್ ಜಾಸ್ತಿ.

ಇನ್ನೊಬ್ಬರ ಚಕ್ರ ಹತ್ತಿರದಿಂದ ಹಿಡಿದರೆ, ಅಂದರೆ ಅವರ ಹಿಂದೆಯೇ ಅಂಟಿಕೊಂಡು ತುಳಿದರೆ, ಕೆಲಸದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಮ್ಮಿಯಾಗುತ್ತೆ. ದೊಡ್ಡ ಬಂಚ್‌ನ ಹೊಟ್ಟೆಯೊಳಗೆ ಇನ್ನೂ ಕಮ್ಮಿ. 2018ರಲ್ಲಿ ಸಂಶೋಧಕ ಬರ್ಟ್ ಬ್ಲೋಕೆನ್ ಅವರ ತಂಡ 121 ಸವಾರರ ಬಂಚ್ ಮಾದರಿ ಇಟ್ಟು ವಿಂಡ್ ಟನಲ್‌ನಲ್ಲಿ (ಗಾಳಿ ಬೀಸಿ ಪರೀಕ್ಷೆ ಮಾಡುವ ಸುರಂಗ) ಅಳೆಯಿತು. ನಡುವಿನ ಕೆಲವು ಜಾಗಗಳಲ್ಲಿ ಗಾಳಿಯ ತಡೆ ಒಂಟಿ ಸವಾರನಿಗೆ ಇರುವುದರ 5ರಿಂದ 10 ಶೇಕಡಾ ಮಾತ್ರ. ನಮ್ಮ ರೇಸ್‌ಗಳಲ್ಲಿ ಅಷ್ಟು ಜನ ಇರುವುದಿಲ್ಲ, ಬಿಡಿ. ಆದರೆ ನಿಮ್ಮ ಇಬ್ಬರು ಸ್ನೇಹಿತರ ಶಕ್ತಿ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಇದೇ. ಬಂದಿದ್ದಲ್ಲ, ಖರ್ಚಾಗದೆ ಉಳಿದಿದ್ದು.

ಒಂದು ಪ್ರಶ್ನೆ. ಗಾಳಿ ಶುರುವಾದಾಗ ನೀವು ಬಂಚ್‌ನಲ್ಲಿ ಎಷ್ಟನೆಯವರು? ರಸ್ತೆಯ ಯಾವ ಬದಿ?

ನಾಲೆ ಏರಿ · ಸೋಮವಾರ ಮಧ್ಯಾಹ್ನ

ಹಿಂದೆ ಇದ್ದೆ. ಕೊನೆಯ ಹತ್ತರಲ್ಲಿ. ಬಲಗಡೆ, ಕೋನ್ ಇಟ್ಟಿದ್ದರಲ್ಲ, ಅದರ ಪಕ್ಕ. ರೇಸ್‌ಗೆ ಎಡ ಅರ್ಧ ರಸ್ತೆ ಮಾತ್ರ ಕೊಟ್ಟಿದ್ದರು. ಹಿಂದೆ ಇದ್ದರೆ ಗಾಳಿ ಕಮ್ಮಿ ಅಲ್ವಾ?

ಹಳೆ ಸ್ಪೋಕು · ಸೋಮವಾರ ರಾತ್ರಿ

ಎದುರುಗಾಳಿಗೆ ನಿಮ್ಮ ಮಾತು ಸರಿ. ಅಡ್ಡಗಾಳಿಗೆ ಅದೇ ಮಾತು ಉಲ್ಟಾ.

ಗಾಳಿ ಎಡದಿಂದ ಬಂದರೆ ಮುಂದಿನವನ ಮರೆ ಅವನ ನೇರ ಹಿಂದೆ ಇರುವುದಿಲ್ಲ. ಹಿಂದೆ, ಸ್ವಲ್ಪ ಬಲಕ್ಕೆ ಇರುತ್ತೆ. ಹಾಗಾಗಿ ಎರಡನೆಯವನು ಅರ್ಧ ಗಾಲಿ ಬಲಕ್ಕೆ ಸರಿಯುತ್ತಾನೆ, ಮೂರನೆಯವನು ಅವನ ಬಲಕ್ಕೆ. ಎಡ ಅಂಚಿನಿಂದ ನಡುರಸ್ತೆವರೆಗೆ ಓರೆಯಾಗಿ ಒಂದು ಸಾಲು. ಇದಕ್ಕೆ ಎಶಲಾನ್ ಅಂತಾರೆ. ಅರ್ಧ ರಸ್ತೆ ಮೂರೂವರೆ ಮೀಟರ್ ಅಂದರೆ ಅದರಲ್ಲಿ ಐದಾರು ಜನಕ್ಕೆ ಮಾತ್ರ ಜಾಗ. ಏಳನೆಯವನಿಗೆ ಬಲಕ್ಕೆ ಸರಿಯಲು ರಸ್ತೆಯೇ ಇಲ್ಲ. ಅವನು ಕೋನ್ ಪಕ್ಕ ಆರನೆಯವನ ನೇರ ಹಿಂದೆ ನಿಲ್ಲುತ್ತಾನೆ, ಗಾಳಿ ಪೂರ್ತಿ ಅವನ ಮೈಮೇಲೆ. ಅವನ ಹಿಂದಿನ ಇಪ್ಪತ್ತು ಜನದ ಕಥೆಯೂ ಅದೇ. ಎಲ್ಲರೂ ಮುಂದಿನವನ ಚಕ್ರ ನೋಡಿಕೊಂಡು ಒದ್ದಾಡುತ್ತಾರೆ. ಒಬ್ಬ ಸೋತು ಗ್ಯಾಪ್ ಬಿಟ್ಟ ಅಂದರೆ ಅವನ ಹಿಂದಿನವರೆಲ್ಲ ಹೋದರು. ನಿಮಗೆ ಆಗಿದ್ದು ಇಷ್ಟೇ. ನಿಮ್ಮ ಮುಂದೆ ಯಾರೋ ಬಿಟ್ಟಿದ್ದಾರೆ, ನೀವು ಅವರ ಹಿಂದೆ ಕೂತಿದ್ದೀರಿ.

ದೊಡ್ಡವರಿಗೂ ಇದು ತಪ್ಪಿಲ್ಲ. 2019ರ ಟೂರ್ ಡಿ ಫ್ರಾನ್ಸ್, ಹತ್ತನೇ ಹಂತ, ಆಲ್ಬಿ ಊರಿಗೆ. ಸಮತಟ್ಟು ಅಂತ ಎಲ್ಲ ಸುಮ್ನೆ ಇದ್ದ ದಿನ. ಅಡ್ಡಗಾಳಿಯಲ್ಲಿ ಬಂಚ್ ಒಡೆಯಿತು. ಬೆಟ್ಟ ಹತ್ತುವುದರಲ್ಲಿ ಎತ್ತಿದ ಕೈ ಆಗಿದ್ದ ಥಿಬೊ ಪಿನೊ 1 ನಿಮಿಷ 40 ಸೆಕೆಂಡ್ ಕಳೆದುಕೊಂಡರು. ಅದೇ ವಾರದ ಶನಿವಾರ ಟೂರ್ಮಲೆ ಪರ್ವತದ ಮೇಲೆ ಎಲ್ಲರನ್ನೂ ಬಿಟ್ಟು ಗೆದ್ದವರೂ ಅವರೇ. ಕಾಲಲ್ಲಿ ಏನೂ ಕೊರತೆ ಇರಲಿಲ್ಲ, ನೋಡಿ.

ಇನ್ನು ಮಾಡಬೇಕಾದ್ದು. ಬಯಲು ಬರುವ ಎರಡು ಕಿ.ಮೀ. ಮೊದಲೇ ಮುಂದಿನ ಐದಾರು ಜನರಲ್ಲಿ ಸೇರಿಕೊಳ್ಳಿ. ತೋಟ ಎಲ್ಲಿ ಮುಗಿಯುತ್ತೆ ಅಂತ ಹಿಂದಿನ ದಿನವೇ ನೋಡಿಡಿ. ತೆಂಗಿನ ಗರಿ ಯಾವ ಕಡೆ ಬಾಗಿದೆ, ಗುಡಿಯ ಬಾವುಟ ಯಾವ ಕಡೆ ಹಾರುತ್ತಿದೆ, ಅಷ್ಟು ಸಾಕು. ಮುಂದೆ ಹೋಗಲು ಆ ಎರಡು ಕಿ.ಮೀ.ನಲ್ಲಿ ಖರ್ಚಾಗುವ ಶಕ್ತಿ, ಹಿಂದೆ ಉಳಿದು ಒದ್ದಾಡುವ ಶಕ್ತಿಯ ಮುಂದೆ ಏನೂ ಅಲ್ಲ.

ತಡವಾಗಿ ಮೊದಲ ಸಾಲಿನಲ್ಲಿ ಜಾಗ ಸಿಗಲಿಲ್ಲವಾ? ಕೋನ್ ಪಕ್ಕ ನೇತಾಡಬೇಡಿ. ನೀವೇ ಎಡಕ್ಕೆ ಬಂದು ಎರಡನೇ ಸಾಲು ಕಟ್ಟಿ, ಹಿಂದಿನವರನ್ನು ಕೂಗಿ ಕರೆಯಿರಿ. ಎರಡನೇ ಗುಂಪಿನವರು ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದು ಸರಿಯಾಗಿ ಸರದಿ ತುಳಿದರೆ ಗಾಳಿ ತಗ್ಗಿದ ಕಡೆ ಮೊದಲನೆಯದನ್ನು ಹಿಡಿಯುತ್ತೆ.

ಕರಿಘಟ್ಟ ಗಾಳಿ · ಶ್ರೀರಂಗಪಟ್ಟಣ · ಸೋಮವಾರ ರಾತ್ರಿ

ಹಳೆ ಸ್ಪೋಕು ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸರಿಯಾದ ಜಾಗ ಸಿಕ್ಕಿದೆ ಅಂತ ಗೊತ್ತಾಗುವುದು ಕಿವಿಯಿಂದ. ಗಾಳಿ ಎಡದಿಂದ ಇದ್ದಾಗ ಎಡಗಿವಿಯಲ್ಲಿ ಭರ್ರ್ ಅಂತ ಸದ್ದು. ನಿಧಾನಕ್ಕೆ ಬಲಕ್ಕೆ ಸರಿಯಿರಿ, ಒಂದು ಜಾಗದಲ್ಲಿ ಸದ್ದು ತಟ್ಟನೆ ಇಳಿಯುತ್ತೆ. ಅಲ್ಲೇ ಇರಿ. ಆಗ ನೋಡಿದರೆ ನಿಮ್ಮ ಮುಂದಿನ ಟೈರ್ ಪಕ್ಕದವರ ಹಿಂದಿನ ಆಕ್ಸಲ್ ಸಮಕ್ಕೆ ಇರುತ್ತೆ. ಅದಕ್ಕೇ ಭಯ. ಅವರು ಒಂದು ಗುಂಡಿ ತಪ್ಪಿಸಲು ಬಲಕ್ಕೆ ಎಳೆದರೆ ನಿಮ್ಮ ಮುಂದಿನ ಚಕ್ರ ಹೋಯಿತು, ನೀವು ನೆಲಕ್ಕೆ. ಹಾಗಾಗಿ ಗೊತ್ತಿಲ್ಲದವರ ಪಕ್ಕ ರೇಸ್ ದಿನವೇ ಮೊದಲ ಸಲ ಇದನ್ನು ಮಾಡಬೇಡಿ.

ಸರದಿ ಬಿಡುವುದು ಯಾವಾಗಲೂ ಗಾಳಿ ಬರುವ ಕಡೆಗೆ. ಗಾಳಿ ಎಡದಿಂದ ಇದ್ದರೆ ಮುಂದಿದ್ದವರು ಎಡಕ್ಕೆ ಸರಿದು ಹಿಂದೆ ಬರುತ್ತಾರೆ, ಬಲಗಡೆ ಸಾಲು ಮುಂದೆ ಹೋಗುತ್ತೆ. ಹಿಂದೆ ಬರುವ ಸಾಲು ಮುಂದೆ ಹೋಗುವ ಸಾಲಿಗೆ ಗೋಡೆ. ನಮ್ಮ ಕಡೆ ಬಹಳ ಜನ ಅಭ್ಯಾಸ ಬಲದಿಂದ ಯಾವತ್ತೂ ಒಂದೇ ಬದಿಗೆ ಬಿಡುತ್ತಾರೆ. ಗಾಳಿ ನೋಡುವುದೇ ಇಲ್ಲ.

ವಾಪಸ್ ಬರುವಾಗ ದಕ್ಷಿಣಕ್ಕೆ ತಿರುಗಿದರೆ ಗಾಳಿ ಬಲದಿಂದ. ಆಗ ಮರೆ ಎಡಗಡೆ, ಅಂದರೆ ರಸ್ತೆಯ ಅಂಚಿನ ಕಡೆ. ಮರಳು, ಕಬ್ಬಿನ ಸೋಗೆ, ಒಡೆದ ಗಾಜು ಎಲ್ಲ ಅಲ್ಲೇ. ಪಂಕ್ಚರ್ ಆಗುವುದೂ ಅಲ್ಲೇ ಜಾಸ್ತಿ.

ಬನ್ನೂರು ಬೈಪಾಸ್ · ಮೈಸೂರು · ಮಂಗಳವಾರ ಬೆಳಿಗ್ಗೆ

ಎಲ್ಲಾ ಸರಿ ಸ್ವಾಮಿ, ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ಹೋದ ವರ್ಷ ಒಂದು ರೇಸ್‌ನಲ್ಲಿ ಮೂವರು ಬ್ರೇಕ್‌ಅವೇ ಹೋದೆವು, ಅಂದರೆ ಬಂಚ್ ಬಿಟ್ಟು ಮುಂದೆ ಹೋದೆವು. ಒಬ್ಬ ಪುಣ್ಯಾತ್ಮ ಒಂದು ಸಲವೂ ಮುಂದೆ ಬರಲಿಲ್ಲ. ಕಾಲು ಹಿಡ್ಕೊಂಡಿದೆ, ಆಗ್ತಾ ಇಲ್ಲ ಅಂತ ಮುಖ ಹಿಂಡುತ್ತಿದ್ದ. ಕೊನೆ 200 ಮೀಟರ್‌ನಲ್ಲಿ ನಮ್ಮಿಬ್ಬರನ್ನೂ ದಾಟಿ ಕೈ ಎತ್ತಿದ. ಇದು ಯಾವ ನ್ಯಾಯ? ಚಕ್ರ ಹಿಡಿದು ಕೂರುವುದನ್ನು ನಾವು ಇಲ್ಲಿ ಪಾಠ ಮಾಡಿ ಹೇಳಿಕೊಡುತ್ತಿದ್ದೇವೆ.

ಚೈನ್‌ರಿಂಗ್ 50 · ಮದ್ದೂರು · ಮಂಗಳವಾರ ಬೆಳಿಗ್ಗೆ

ನ್ಯಾಯ ಬೇಕಾದರೆ ಟೈಮ್ ಟ್ರಯಲ್‌ಗೆ ಬನ್ನಿ. ಅಲ್ಲಿ ಯಾರ ಚಕ್ರವನ್ನೂ ಹಿಡಿಯುವಂತಿಲ್ಲ, ನೀವು ಮತ್ತು ಗಡಿಯಾರ. ರೋಡ್ ರೇಸ್‌ನಲ್ಲಿ ಎಲ್ಲರೂ ಸಮ ಕೆಲಸ ಮಾಡಬೇಕು ಅಂತ ನಿಯಮ ಎಲ್ಲಿದೆ?

ಬನ್ನೂರು ಬೈಪಾಸ್ · ಮಂಗಳವಾರ ಬೆಳಿಗ್ಗೆ

ನಿಯಮ ಇಲ್ಲ, ನಾಚಿಕೆ ಇರಬೇಕು.

ಹಳೆ ಸ್ಪೋಕು · ಮಂಗಳವಾರ ಸಂಜೆ

ಇಬ್ಬರೂ ನಿಲ್ಲಿಸಿ. ಅವನು ಪುಲ್ ಕೊಡದೇ, ಅಂದರೆ ಮುಂದೆ ಬಂದು ಗಾಳಿ ತಗೊಳ್ಳದೇ ಇದ್ದಾಗ ನೀವಿಬ್ಬರು ಏನು ಮಾಡಿದಿರಿ ಅನ್ನುವುದು ಮುಖ್ಯ. ಅವನನ್ನು ಕೊನೆವರೆಗೂ ಹೊತ್ತುಕೊಂಡು ಬಂದಿರಿ ಅಲ್ವಾ? ಉಪಾಯ ಇತ್ತು. ಒಬ್ಬರು ಅಟ್ಯಾಕ್ ಮಾಡುವುದು (ತಟ್ಟನೆ ವೇಗ ಏರಿಸಿ ಬಿಟ್ಟು ಹೋಗುವುದು), ಇನ್ನೊಬ್ಬರು ಪೆಡಲ್ ನಿಲ್ಲಿಸಿ ಕೂರುವುದು. ಅವನಿಗೆ ಈಗ ಎರಡೇ ದಾರಿ. ತಾನೇ ಅಟ್ಟಿ ಹಿಡಿಯಬೇಕು, ಇಲ್ಲ ಹೋಗಲು ಬಿಡಬೇಕು. ಹಿಡಿದನೋ, ಎರಡನೆಯವರು ಅಟ್ಯಾಕ್. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕಾಲು ನಿಜವಾಗಿ ನೋಯುತ್ತಿದೆಯಾ, ನಾಟಕವಾ ಗೊತ್ತಾಗುತ್ತೆ.

ಅಡ್ಡಗಾಳಿ ಇದ್ದರೆ ಇನ್ನೂ ಸುಲಭ. ಗಾಳಿ ಎಡದಿಂದ ಬರುತ್ತಿದ್ದರೆ ನೀವು ಬಲ ಅಂಚಿಗೆ ಹೋಗಿ. ಹಿಂದಿನವನಿಗೆ ಮರೆ ಬೇಕಾದ ಜಾಗದಲ್ಲಿ ರಸ್ತೆಯೇ ಇರುವುದಿಲ್ಲ. ಅವನೂ ನಿಮ್ಮಷ್ಟೇ ಗಾಳಿ ತಿನ್ನುತ್ತಾನೆ.

ಯಾರ ಜೊತೆ ಹೋಗುತ್ತೀರಿ ಅನ್ನುವುದನ್ನೂ ಮೊದಲೇ ಯೋಚಿಸಿ. ಸ್ಪ್ರಿಂಟ್‌ನಲ್ಲಿ ನಿಮಗಿಂತ ಜೋರಿರುವವನ ಜೊತೆ ಗೆರೆವರೆಗೆ ಹೋಗುವುದು ಅಂದರೆ ಅವನಿಗೆ ಬಹುಮಾನ ಹೊತ್ತು ಕೊಟ್ಟಂತೆ.

ಕರಿಘಟ್ಟ ಗಾಳಿ · ಮಂಗಳವಾರ ರಾತ್ರಿ

ಹೆಣ್ಣುಮಕ್ಕಳ ರೇಸ್ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನೇ ಹೇಳುತ್ತೇನೆ. ನಮ್ಮ ಕಡೆ ಸ್ಟಾರ್ಟ್ ಲೈನ್‌ನಲ್ಲಿ ಹತ್ತು ಹನ್ನೆರಡು ಜನ ಇದ್ದರೆ ಹೆಚ್ಚು. ಬಚ್ಚಿಟ್ಟುಕೊಳ್ಳಲು ಬಂಚೇ ಇಲ್ಲ. ಹಾಗಾಗಿ ಶುರುವಿನಲ್ಲೇ ಎಲ್ಲರನ್ನೂ ಬಿಟ್ಟು ಮುಂದೆ ಹೋಗುವುದು ಹುಚ್ಚಾಟ ಅಲ್ಲ. ಹಿಂದೆ ಉಳಿದವರು ಯಾರು ಮೊದಲು ಅಟ್ಟಬೇಕು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾ ಇರುತ್ತಾರೆ, ಅಷ್ಟರಲ್ಲಿ ನೀವು ಒಂದು ನಿಮಿಷ ದೂರ.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ, ಅಂದರೆ 2021ರ ಜುಲೈನಲ್ಲಿ, ಇದೇ ಆಗಿದ್ದು. ಆಸ್ಟ್ರಿಯಾದ ಆನಾ ಕೀಸನ್‌ಹೋಫರ್. ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು, ಆಗ ಯಾವ ವೃತ್ತಿಪರ ತಂಡವೂ ಇರಲಿಲ್ಲ. 137 ಕಿ.ಮೀ. ರೇಸ್‌ನಲ್ಲಿ ಶುರುವಿನಲ್ಲೇ ಹೊರಟರು. ಕೊನೆಯ 40 ಕಿ.ಮೀ. ಒಬ್ಬರೇ. 75 ಸೆಕೆಂಡ್ ಅಂತರದಲ್ಲಿ ಚಿನ್ನ. ಒಲಿಂಪಿಕ್ಸ್‌ನಲ್ಲಿ ರೇಸ್ ರೇಡಿಯೋ (ತಂಡದವರು ಸವಾರರ ಕಿವಿಗೆ ಸುದ್ದಿ ಹೇಳುವ ಸಾಧನ) ಇಲ್ಲ. ಎರಡನೆಯವರಾಗಿ ಬಂದ ಅನೆಮಿಕ್ ಫಾನ್ ಫ್ಲೂಟೆನ್ ತಾನೇ ಗೆದ್ದೆ ಅಂದುಕೊಂಡು ಕೈ ಎತ್ತಿದ್ದರು. ಮುಂದೆ ಇನ್ನೂ ಒಬ್ಬರು ಇದ್ದಾರೆ ಅನ್ನುವುದೇ ಗೊತ್ತಿರಲಿಲ್ಲ.

ನಮ್ಮ ರೇಸ್‌ಗಳಲ್ಲೂ ರೇಡಿಯೋ ಇಲ್ಲ. ಯಾರು ಹೋದರು, ಎಷ್ಟು ಜನ ಹೋದರು, ಎಣಿಸಿಕೊಳ್ಳಿ. ತಿರುವಿನ ಹತ್ತಿರ ಎದುರಿಗೆ ಬರುವವರನ್ನು ಎಣಿಸಲು ಒಳ್ಳೆ ಅವಕಾಶ. ಆ ಹೊತ್ತಲ್ಲಿ ನೀರು ಕುಡಿಯುತ್ತಾ ಕೂರಬೇಡಿ.

ನಾಲೆ ಏರಿ · ಬುಧವಾರ ಬೆಳಿಗ್ಗೆ

ಓದಿ ಓದಿ ಕಣ್ಣು ತೆರೆಯಿತು. ಜಾಗ ಹಿಡಿಯುವುದು ಅರ್ಥವಾಯಿತು. ಆದರೆ ಜಾಗ ಹಿಡಿಯಲೂ ಕಾಲು ಬೇಕಲ್ಲ? ನನ್ನ ಟ್ರೈನಿಂಗ್ ಅಂದರೆ ವಾರಕ್ಕೆರಡು ಸಲ ಚಾಮುಂಡಿ, ಉಳಿದ ದಿನ ಮಂಡ್ಯದ ಸುತ್ತ ಜೋರಾಗಿ ತುಳಿಯುವುದು. ಇದರಲ್ಲಿ ಏನು ಬದಲಾಯಿಸಲಿ?

ಝೋನ್ ಎರಡು · ಮೈಸೂರು · ಬುಧವಾರ ರಾತ್ರಿ

ಬದಲಾಯಿಸಬೇಕಾದ್ದು ಆ "ಜೋರಾಗಿ ತುಳಿಯುವುದು".

ಬೆಟ್ಟದಲ್ಲಿ ನೀವು ಮಾಡುವುದು 18 ನಿಮಿಷ ಒಂದೇ ಸಮನೆ ಉರಿಸುವುದು. ರೇಸ್ ಕೇಳುವುದು ಅದನ್ನಲ್ಲ. ಹತ್ತಿಪ್ಪತ್ತು ಸೆಕೆಂಡ್ ಸ್ಫೋಟ, ಸ್ವಲ್ಪ ಉಸಿರು, ಮತ್ತೆ ಸ್ಫೋಟ. ಪ್ರತಿ ತಿರುವಾದ ಮೇಲೆ, ಪ್ರತಿ ಹಂಪ್ ಆದ ಮೇಲೆ ಮುಂದಿನವರು ಎದ್ದು ತುಳಿಯುತ್ತಾರೆ. ಹಿಂದೆ ಇದ್ದಷ್ಟೂ ಆ ಎಳೆತ ದೊಡ್ಡದು. ನಿಮ್ಮ ಎಂಜಿನ್ ದೊಡ್ಡದಿದೆ, ಆದರೆ ಮತ್ತೆ ಮತ್ತೆ ಕಿಕ್ ಹೊಡೆದರೆ ಏಳುವ ಅಭ್ಯಾಸ ಇಲ್ಲ.

ನಾನು ಹೇಳುವುದು ಹೀಗೆ. ವಾರಕ್ಕೆ ಎರಡೇ ದಿನ ಗಟ್ಟಿ. ಒಂದು ದಿನ 30/15. ಅಂದರೆ 30 ಸೆಕೆಂಡ್ ಜೋರು, 15 ಸೆಕೆಂಡ್ ಹಗುರ, ಹೀಗೆ 13 ಸಲ. ಅದು ಒಂದು ಸೆಟ್, ಒಂಬತ್ತೂವರೆ ನಿಮಿಷ. ಮೂರು ನಿಮಿಷ ಬಿಟ್ಟು ಇನ್ನೊಂದು, ಒಟ್ಟು ಮೂರು ಸೆಟ್. ನಾರ್ವೆಯ ಕ್ರೀಡಾ ಸಂಶೋಧಕ ಬೆಂಟ್ ರೋನೆಸ್ಟಾಡ್ ಅವರ ಅಧ್ಯಯನಗಳಿಂದ ಹೆಸರಾದ ವಿಧಾನ ಇದು. ಮೊದಲ ಸಲ ಒಂದೇ ಸೆಟ್ ಸಾಕು. ಮೊದಲ 30 ಸೆಕೆಂಡ್‌ನಲ್ಲೇ ಪ್ರಾಣ ಕೊಡಬೇಡಿ, ಹತ್ತನೆಯದಕ್ಕೂ ಅಷ್ಟೇ ಬರಬೇಕು. ಇದಕ್ಕೆ ಹಾರ್ಟ್‌ರೇಟ್ ನೋಡಿ ಪ್ರಯೋಜನ ಇಲ್ಲ, ಅದು ತಡವಾಗಿ ಏರುತ್ತೆ. ಕಾಲಿನ ಅಂದಾಜಿನ ಮೇಲೆ ಮಾಡಿ.

ಇನ್ನೊಂದು ದಿನ ಎರಡು ಸಲ 20 ನಿಮಿಷ, ಥ್ರೆಶೋಲ್ಡ್ ಹತ್ತಿರ, ಅಂದರೆ ಸುಮಾರು ಒಂದು ಗಂಟೆ ತಡೆಯಬಹುದಾದಷ್ಟು ಜೋರು. ಇದಕ್ಕೆ ಬೆಟ್ಟ ಬೇಡ. ಸಮತಟ್ಟು ರಸ್ತೆಯಲ್ಲೇ ಮಾಡಿ, ಎದುರುಗಾಳಿಗೆ. ಬೆಟ್ಟದಲ್ಲಿ ಪ್ರತಿ ಸುತ್ತಿಗೂ ಪೆಡಲ್ ತಡೆಯುತ್ತೆ, ಸಮತಟ್ಟಿನಲ್ಲಿ ನೀವೇ ಒತ್ತುತ್ತಾ ಇರಬೇಕು. ಬೆಟ್ಟದಲ್ಲಿ ಬರುವ ಪವರ್ ಬಹಳ ಜನಕ್ಕೆ ಸಮತಟ್ಟಿನಲ್ಲಿ ಬರುವುದಿಲ್ಲ. ಡ್ರಾಪ್ (ಹ್ಯಾಂಡಲ್‌ನ ಕೆಳಗಿನ ಬಾಗು) ಹಿಡಿದು, ಮೊಣಕೈ ಬಗ್ಗಿಸಿ, ಆ ಭಂಗಿಯಲ್ಲೇ 20 ನಿಮಿಷ ಇರಲು ಆಗುತ್ತಾ ನೋಡಿ. ಬೆನ್ನು ಮೊದಲು ಬೈಯುತ್ತೆ.

ಉಳಿದ ದಿನ ನಿಧಾನ. ನಿಜವಾದ ನಿಧಾನ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿ. ಇದನ್ನು ಪಾಲಿಸುವುದೇ ಕಷ್ಟ, ಯಾಕೆಂದರೆ ಯಾರಾದರೂ ಮೊಪೆಡ್‌ನವರು ದಾಟಿದರೆ ನಮಗೆ ತಡೆಯುವುದಿಲ್ಲ.

ಗ್ರಾಂ ಲೆಕ್ಕ · ಬುಧವಾರ ರಾತ್ರಿ

ವಾರಕ್ಕೆ ಏಳೆಂಟು ಗಂಟೆ ಇರುವವರಿಗೆ ನಿಧಾನ ತುಳಿಯುವುದು ಟೈಮ್ ವೇಸ್ಟ್. 80-20 (ಎಂಬತ್ತು ಪಾಲು ಹಗುರ, ಇಪ್ಪತ್ತು ಪಾಲು ಗಟ್ಟಿ) ಎಲ್ಲ ದಿನಕ್ಕೆ ಐದು ಗಂಟೆ ತುಳಿಯುವ ಪ್ರೊಗಳಿಗೆ.

ಝೋನ್ ಎರಡು · ಗುರುವಾರ ಬೆಳಿಗ್ಗೆ

ಅರ್ಧ ಒಪ್ಪುತ್ತೇನೆ. ಸಂಶೋಧಕ ಸ್ಟೀಫನ್ ಸೈಲರ್ 80-20 ಅಂದಿದ್ದು ಉನ್ನತ ಮಟ್ಟದ ಕ್ರೀಡಾಪಟುಗಳ ತರಬೇತಿ ನೋಡಿ, ಅದೂ ಮುಖ್ಯವಾಗಿ ಎಷ್ಟು ಸೆಷನ್ ಅನ್ನುವ ಲೆಕ್ಕದಲ್ಲಿ. ಕಡಿಮೆ ಸಮಯ ಇರುವವರು ಗಟ್ಟಿ ಪಾಲು ಸ್ವಲ್ಪ ಏರಿಸಬಹುದು. ನನ್ನ ತಕರಾರು ಬೇರೆ. ನಾಲೆ ಏರಿ ಅವರು ದಿನಾ ಅರ್ಧ ಗಟ್ಟಿ ತುಳಿದು ಗಟ್ಟಿ ದಿನಕ್ಕೆ ಸುಸ್ತಾಗಿ ಬರುತ್ತಾರೆ. ಆಗ 30/15 ಅನ್ನುವುದು 30/15 ಆಗಿ ಇರುವುದೇ ಇಲ್ಲ.

ಮತ್ತೆ, ರೇಸ್ ಹತ್ತಿರ ಬಂದಾಗ ಭಯ ಬಿದ್ದು ಜಾಸ್ತಿ ಮಾಡಬೇಡಿ. ಕೊನೆಯ ಒಂದೂವರೆ ಎರಡು ವಾರ ಗಂಟೆಗಳನ್ನು ಅರ್ಧಕ್ಕೆ ಇಳಿಸಿ, ಜೋರು ಮಾತ್ರ ಹಾಗೇ ಇರಲಿ. ಪೂರ್ತಿ ಮಲಗಿದರೆ ಕಾಲು ಮರ ಆಗುತ್ತೆ.

ಚೈನ್‌ರಿಂಗ್ 50 · ಗುರುವಾರ ಮಧ್ಯಾಹ್ನ

ಊಟದ ಬಗ್ಗೆ ಚಿಕ್ಕದಾಗಿ. ಎರಡು ಗಂಟೆ ಹತ್ತಿರದ ರೇಸ್‌ಗೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಡಿ. ಅಂಗಡಿಯ ಎನರ್ಜಿ ಜೆಲ್ ದುಬಾರಿ. ನಮ್ಮ ಮಂಡ್ಯದಲ್ಲಿ ಕೂತು ಸಕ್ಕರೆಗೆ ಪರದಾಡುವುದು ನಾಚಿಕೆಗೇಡು. ಮುಕ್ಕಾಲು ಲೀಟರ್ ಬಾಟಲ್‌ಗೆ 60 ಗ್ರಾಂ ಬೆಲ್ಲ, ಅರ್ಧ ನಿಂಬೆ, ಎರಡು ಚಿಟಿಕೆ ಉಪ್ಪು. ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಬಾಟಲ್ ಬಾಯಿ ಕಟ್ಟಿಕೊಳ್ಳುತ್ತೆ. ಬೆಲ್ಲದಲ್ಲಿ ಇರುವುದು ಮುಖ್ಯವಾಗಿ ಸುಕ್ರೋಸ್, ಅಂದರೆ ಗ್ಲೂಕೋಸ್ ಫ್ರಕ್ಟೋಸ್ ಎರಡೂ. ಜೊತೆಗೆ ಒಂದು ಬಾಳೆಹಣ್ಣು. ಟ್ರೈನಿಂಗ್‌ನಲ್ಲಿ ಕುಡಿದು ಹೊಟ್ಟೆ ಒಪ್ಪುತ್ತಾ ನೋಡಿಕೊಳ್ಳಿ.

ಮುದ್ದೆ ಹಿಂದಿನ ಮಧ್ಯಾಹ್ನಕ್ಕೆ. ರೇಸ್ ಬೆಳಿಗ್ಗೆ ಇಡ್ಲಿ. ಮದ್ದೂರು ವಡೆ ಮುಗಿದ ಮೇಲೆ, ಎಷ್ಟು ಬೇಕಾದರೂ.

ಬನ್ನೂರು ಬೈಪಾಸ್ · ಗುರುವಾರ ರಾತ್ರಿ

ನನ್ನ ಸಿಟ್ಟು ಇಳಿಯಿತು. ಹಾಗಾದರೆ ಕೊನೆಯ ಸ್ಪ್ರಿಂಟ್ ಬಗ್ಗೆ ಹೇಳಿ. ನಾನು ಯಾವತ್ತೂ ಬೇಗ ಎದ್ದು ಗೆರೆ ಮುಂದೆ ಸಾಯುತ್ತೇನೆ.

ಹಳೆ ಸ್ಪೋಕು · ಗುರುವಾರ ರಾತ್ರಿ

ಮತ್ತೆ ಗಾಳಿ ನೋಡಿ. ಎದುರುಗಾಳಿ ಇದ್ದರೆ ತಡವಾಗಿ, 150 ಮೀಟರ್ ಅಥವಾ ಇನ್ನೂ ಹತ್ತಿರ ಬಂದ ಮೇಲೆ. ಹಿಂಗಾಳಿ ಇದ್ದರೆ 250ರಿಂದಲೇ ಹೋಗಬಹುದು, ಹಿಂದಿನವನಿಗೆ ನಿಮ್ಮ ಮರೆಯಿಂದ ಸಿಗುವ ಲಾಭ ಕಮ್ಮಿ. ಕೊನೆಯ ತಿರುವು ಗೆರೆಗೆ ಹತ್ತಿರ ಇದ್ದರೆ ಅದನ್ನು ಎರಡನೆಯವರೋ ಮೂರನೆಯವರೋ ಆಗಿ ದಾಟಿ. ಎಂಟನೆಯವರಾಗಿ ದಾಟಿದರೆ ಎಷ್ಟು ವ್ಯಾಟ್ ಇದ್ದರೂ ರಸ್ತೆ ಸಾಲದು. ಗೇರ್ ಮೊದಲೇ ಹಾಕಿಡಿ, ಎದ್ದ ಮೇಲೆ ಬದಲಾಯಿಸಲು ಹೋಗಿ ಚೈನ್ ಬೀಳಿಸಿಕೊಂಡವರನ್ನು ಬಹಳ ನೋಡಿದ್ದೇನೆ. ಮತ್ತೆ ನೇರ ಹೋಗಿ. ಇಡೀ ರಸ್ತೆ ಗುಡಿಸುತ್ತಾ ಹೋದರೆ ಪಕ್ಕದವರನ್ನು ಕೆಡಹುತ್ತೀರಿ.

ನಾಲೆ ಏರಿ · ಶುಕ್ರವಾರ ಬೆಳಿಗ್ಗೆ

ಹಾಗಾದರೆ ಒಟ್ಟಿಗೆ ಅಭ್ಯಾಸ ಮಾಡೋಣವಾ? ಆಷಾಢದ ಗಾಳಿ ಇರುವಾಗಲೇ ಆಗಬೇಕು. ವಿಜಯಪುರ, ಬಾಗಲಕೋಟೆ ಕಡೆ ಕ್ರೀಡಾ ಹಾಸ್ಟೆಲ್ ಹುಡುಗರು ದಿನಾ ಗುಂಪಲ್ಲೇ ತುಳಿಯುತ್ತಾರೆ. ರಾಜ್ಯ ಮಟ್ಟದಲ್ಲಿ ಅವರ ಎದುರು ನಿಲ್ಲಲು ಆಗದಿರುವುದಕ್ಕೆ ಇದೂ ಒಂದು ಕಾರಣ ಅಂತ ಈಗ ಅನಿಸುತ್ತಿದೆ. ಎಲ್ಲಿ ಸೇರೋಣ? ಸರ್ವಿಸ್ ರಸ್ತೆ?

ಕರಿಘಟ್ಟ ಗಾಳಿ · ಶುಕ್ರವಾರ ಬೆಳಿಗ್ಗೆ

ಸರ್ವಿಸ್ ರಸ್ತೆ ಬೇಡವೇ ಬೇಡ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದಕ್ಕೂ ಪ್ರವೇಶ ಇಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ. ರಾಂಗ್ ಸೈಡ್ ಬರುವವರು ಬೇರೆ. ಅಲ್ಲಿ ಓರೆ ಸಾಲು ಕಟ್ಟಿದರೆ ಆಸ್ಪತ್ರೆಯೇ. ನಂಜನಗೂಡು ರಸ್ತೆಯಲ್ಲಿ ಅಡ್ಡಗಾಳಿ ಚೆನ್ನಾಗಿ ಸಿಗುತ್ತೆ, ಲಾರಿಗಳೂ ಚೆನ್ನಾಗಿ ಸಿಗುತ್ತವೆ. ಬನ್ನೂರು ಕಡೆ ಪೂರ್ವಕ್ಕೆ ಹೋಗುವುದರಿಂದ ಹೋಗುವಾಗ ಹಿಂಗಾಳಿ, ಬರುವಾಗ ಎದುರುಗಾಳಿ, ಅದು ಬೇರೆ ಪಾಠ.

ಪಾಂಡವಪುರ ದಾಟಿ ಜಕ್ಕನಹಳ್ಳಿ ಕಡೆ ಹೋಗೋಣ. ಉತ್ತರಕ್ಕೆ ಹೋಗುವ ದಾರಿ, ಪಶ್ಚಿಮದ ಗಾಳಿ ನೇರ ಪಕ್ಕೆಗೆ ಬಡಿಯುತ್ತೆ. ಭಾನುವಾರ ಬೆಳಕು ಹರಿದ ಮೇಲೆ. ಕತ್ತಲಲ್ಲಿ ಬೇಡ, ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನ ದೀಪ ಇರುವುದೇ ಅಪರೂಪ. ನಾಲ್ಕು ಜನರ ಸಾಲು ಮಾತ್ರ, ಎಡ ಅರ್ಧ ರಸ್ತೆಯೊಳಗೆ, ಹಿಂದಿನಿಂದ ವಾಹನ ಬಂದರೆ ಕೊನೆಯವರು ಕೂಗಬೇಕು, ಕೂಡಲೇ ಒಂಟಿ ಸಾಲು. ಮೊದಲ ದಿನ ಗಂಟೆಗೆ 28 ದಾಟುವುದಿಲ್ಲ. ಗುಂಡಿ, ಹಂಪ್, ನಾಯಿ, ಮೂರನ್ನೂ ಮುಂದಿನವರು ಬಾಯಿಬಿಟ್ಟು ಹೇಳಬೇಕು. ಕೈ ತೋರಿಸಿದರೆ ಅಡ್ಡಗಾಳಿಯಲ್ಲಿ ಹ್ಯಾಂಡಲ್ ಅಲ್ಲಾಡುತ್ತೆ.

ಗ್ರಾಂ ಲೆಕ್ಕ · ಶುಕ್ರವಾರ ಸಂಜೆ

ನಾನೂ ಬರುತ್ತೇನೆ. ಇವತ್ತು ಆಷಾಢ ಶುಕ್ರವಾರ, ಬೆಟ್ಟದ ಕಡೆ ತಲೆ ಹಾಕಲೂ ಆಗಲಿಲ್ಲ. ಐದು ಸೆಂ.ಮೀ. ಎತ್ತರದ ಕಾರ್ಬನ್ ರಿಮ್ ಹಾಕಿ ಬರಲಾ? ಏರೋ ಬಾರ್ (ಮೊಣಕೈ ಊರಿ ಮುಂದಕ್ಕೆ ಬಾಗಿ ಹಿಡಿಯುವ ಹ್ಯಾಂಡಲ್) ಕೂಡ ಇದೆ.

ಹಳೆ ಸ್ಪೋಕು · ಶುಕ್ರವಾರ ರಾತ್ರಿ

ಎತ್ತರದ ರಿಮ್ ಮುಂದಿನ ಚಕ್ರಕ್ಕೆ ಬೇಡ, ಅಡ್ಡಗಾಳಿ ಅದನ್ನು ಹಿಡಿದು ತಿರುಗಿಸುತ್ತೆ. ಹಿಂದೆ ಇರಲಿ. ಏರೋ ಬಾರ್ ಬಿಚ್ಚಿಟ್ಟು ಬನ್ನಿ. ಬಂಚ್ ರೇಸ್‌ನಲ್ಲೂ ಅದಕ್ಕೆ ಅನುಮತಿ ಇಲ್ಲ, ಕೈ ಬ್ರೇಕ್‌ನಿಂದ ದೂರ ಇರುತ್ತೆ. ಎಂಟಿಬಿ (ಮೌಂಟನ್ ಬೈಕ್) ಇರುವವರೂ ಬರಬಹುದು, 28ಕ್ಕೆ ಯಾರೂ ಹಿಂದೆ ಉಳಿಯುವುದಿಲ್ಲ. ಎಲ್ಲರೂ ಒಂದೊಂದು ಸ್ಪೇರ್ ಟ್ಯೂಬ್ ತನ್ನಿ, ಪಂಪ್ ನನ್ನ ಹತ್ತಿರ ಇದೆ. ಆರೂಕಾಲಿಗೆ ಪಾಂಡವಪುರ ಬಸ್ ಸ್ಟ್ಯಾಂಡ್ ಎದುರು.